ಹದಿನಾಲ್ಕರೊಳಗಿನ ಮೀಸೆ

ಮಳೆಗಾಲ ಅರ್ಧ ಕಳೆದು, ಶಾಲೆಯ ಮೈದಾನದ ಕೆಸರು ಇನ್ನೂ ಆರದಿರುವಾಗಲೇ ನಮ್ಮಲ್ಲಿ ಕ್ರೀಡಾಕೂಟಗಳ ಸುಗ್ಗಿ. ಮೊದಲು ವಲಯ ಮಟ್ಟ, ನಂತರ ತಾಲ್ಲೂಕು, ಜಿಲ್ಲೆ, ವಿಭಾಗ, ಗೆದ್ದುಕೊಂಡೇ ಹೋದರೆ ರಾಜ್ಯ. ಸುಣ್ಣದ ಗೆರೆ ಎಳೆದ ಕಬಡ್ಡಿ ಅಂಕಣದ ಸುತ್ತ ನೆರೆದ ಜನ ಆಟಕ್ಕಿಂತ ಮೊದಲು ನೋಡುವುದು ಎದುರು ತಂಡದ ಹುಡುಗರ ಮುಖವನ್ನು. ಮುಖದಲ್ಲೂ ಮೂಗಿನ ಕೆಳಗಿನ ಜಾಗವನ್ನು. ‘ಅಲ್ನೋಡಿ ಸಾರ್, ಶೇವಿಂಗ್ ಮಾಡ್ಕೊಂಡು ಬಂದವ್ನೆ. ಇವನಿಗೆ ಹದಿನಾಲ್ಕಂತೆ!’ ಈ ಮಾತು ಕಿವಿಗೆ ಬೀಳದ ಕ್ರೀಡಾಕೂಟವನ್ನು ನಾನಂತೂ ಕಂಡಿಲ್ಲ. ವಿಜ್ಞಾನದ ಮೇಷ್ಟರೆಂದರೆ ಲೆಕ್ಕಾಚಾರ ಗೊತ್ತಿರುವವರು ಎಂಬ ನಂಬಿಕೆಯಿಂದ ನನ್ನನ್ನು ಅಂಕ ಬರೆಯಲು, ಗಡಿಯಾರ ಹಿಡಿಯಲು, ಕೆಲವೊಮ್ಮೆ ವಯಸ್ಸಿನ ಪತ್ರಗಳನ್ನು ಪರಿಶೀಲಿಸುವ ಮೇಜಿಗೆ ಹಾಕುವುದುಂಟು. ಹಾಗಾಗಿ ಈ ಪಿಸುಮಾತು ಅಧಿಕೃತ ಆಕ್ಷೇಪಣೆಯಾಗಿ ಮೇಜಿನವರೆಗೆ ಬರುವುದನ್ನೂ ನೋಡಿದ್ದೇನೆ.

ಮೀಸೆ ಸಾಕ್ಷಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹದಿಮೂರಕ್ಕೇ ತುಟಿಯ ಮೇಲೆ ಕಪ್ಪು ಮೂಡುವ ಹುಡುಗರಿದ್ದಾರೆ, ಹದಿನೇಳಾದರೂ ಮುಖ ಗಾಜಿನಂತಿರುವವರೂ ಇದ್ದಾರೆ. ಹಾಗೆಂದು ಪ್ರೇಕ್ಷಕರ ಅನುಮಾನವೆಲ್ಲ ಸುಳ್ಳೂ ಅಲ್ಲ. ಶಾಲಾ ಕ್ರೀಡೆಯಲ್ಲಿ ಹದಿನಾಲ್ಕರೊಳಗೆ, ಹದಿನೇಳರೊಳಗೆ, ಹತ್ತೊಂಬತ್ತರೊಳಗೆ ಎಂಬ ಮೂರು ಮೆಟ್ಟಿಲುಗಳಿವೆ. ಮಗು ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಒಂದು ಕಾಗದ. ಹೆಸರು, ತಂದೆಯ ಹೆಸರು, ದಾಖಲಾತಿ ಸಂಖ್ಯೆ, ಜನ್ಮ ದಿನಾಂಕ, ಒಂದು ಭಾವಚಿತ್ರ, ಅದರ ಮೇಲೆ ಅರ್ಧ ಬೀಳುವಂತೆ ಮುಖ್ಯೋಪಾಧ್ಯಾಯರ ಮೊಹರು. ಆಕ್ಷೇಪಣೆ ಬಂದಾಗ ಮೇಜಿನವರು ಮಾಡಬಹುದಾದ್ದು ಇಷ್ಟೆ: ಅದೇ ಕಾಗದವನ್ನು ಇನ್ನೊಮ್ಮೆ ನೋಡುವುದು. ಕಾಗದ ಸರಿಯಾಗಿರುತ್ತದೆ. ಎದುರಿಗೆ ನಿಂತ ಹುಡುಗ ಮಾತ್ರ ಮೇಷ್ಟರಿಗಿಂತ ಎತ್ತರ ಇರುತ್ತಾನೆ.

ಇದೊಂದು ಮಕ್ಕಳಾಟದ ಜಗಳ, ದೊಡ್ಡದು ಮಾಡಬೇಕೇ ಎಂದು ಕೇಳುವವರಿದ್ದಾರೆ. ತಾಲ್ಲೂಕು ಮಟ್ಟದ ಪ್ರಮಾಣಪತ್ರವೊಂದರ ಬೆಲೆ ತಿಳಿಯದವರು ಮಾತ್ರ ಹಾಗೆ ಕೇಳಬಹುದು. ಮುಂದೆ ಕ್ರೀಡಾ ಹಾಸ್ಟೆಲ್ಲಿನ ಊಟ-ವಸತಿ, ವೃತ್ತಿಶಿಕ್ಷಣದಲ್ಲಿ ಕ್ರೀಡಾ ಕೋಟಾದ ಸೀಟು, ರೈಲ್ವೆಯಲ್ಲಿ ಕೆಲಸ ಇವೆಲ್ಲದರ ಸರಪಳಿಯ ಮೊದಲ ಕೊಂಡಿ ಈ ಮೈದಾನದಲ್ಲಿದೆ. ಕ್ರಿಕೆಟ್ಟಿನಲ್ಲಂತೂ ಹತ್ತೊಂಬತ್ತರೊಳಗಿನ ತಂಡದಿಂದ ನೇರ ಐಪಿಎಲ್ ಹರಾಜಿಗೆ ದಾರಿ. ಬಹುಮಾನ ಎಲ್ಲಿ ದೊಡ್ಡದೋ ಅಲ್ಲಿ ವಯಸ್ಸು ಸಣ್ಣದಾಗುತ್ತದೆ.

ಎರಡು ವರ್ಷದ ತೂಕ

ಒಂದೆರಡು ವರ್ಷದ ವ್ಯತ್ಯಾಸ ಅಷ್ಟು ದೊಡ್ಡದೇ? ನನಗೆ ನಿಮಗೆ ಖಂಡಿತ ಅಲ್ಲ. ಐವತ್ತೆರಡಕ್ಕೂ ಐವತ್ತನಾಲ್ಕಕ್ಕೂ ಇರುವ ಅಂತರ ಕನ್ನಡಕದ ನಂಬರಿನಲ್ಲಿ ಕಂಡರೆ ಕಂಡೀತು. ಆದರೆ ಹನ್ನೆರಡಕ್ಕೂ ಹದಿನಾಲ್ಕಕ್ಕೂ ನಡುವೆ ಒಂದು ದೇಹ ಹೋಗಿ ಇನ್ನೊಂದು ದೇಹ ಬಂದಿರುತ್ತದೆ.

ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬಹಳ ವರ್ಷ ಇದ್ದ ಒಂದು ಪುಟ್ಟ ಕೋಷ್ಟಕ ನನಗೆ ಅಚ್ಚುಮೆಚ್ಚು. ಯಾವ ವಯಸ್ಸಿನಲ್ಲಿ ಮಗು ತನ್ನ ಪೂರ್ಣ ಎತ್ತರದ ಶೇಕಡಾ ಎಷ್ಟನ್ನು ಮುಟ್ಟಿರುತ್ತದೆ ಎಂಬ ಲೆಕ್ಕ ಅದು. ಹುಡುಗರಲ್ಲಿ ಹನ್ನೆರಡಕ್ಕೆ ಶೇ 84, ಹದಿಮೂರಕ್ಕೆ 88, ಹದಿನಾಲ್ಕಕ್ಕೆ 92. ಹುಡುಗಿಯರಲ್ಲಿ ಇದೇ ವಯಸ್ಸುಗಳಿಗೆ 91, 95 ಮತ್ತು 98. ಅಂದರೆ ದೊಡ್ಡವನಾದ ಮೇಲೆ 170 ಸೆಂಟಿಮೀಟರ್ ಆಗಲಿರುವ ಹುಡುಗ ಹನ್ನೆರಡರಲ್ಲಿ ಸುಮಾರು 143, ಹದಿನಾಲ್ಕರಲ್ಲಿ 156 ಸೆಂಟಿಮೀಟರ್. ಹದಿಮೂರೂವರೆ ಸೆಂಟಿಮೀಟರ್ ಅಂತರ. ಒಂದು ಗೇಣಿಗೆ ನಾಲ್ಕು ಬೆರಳು ಕಡಿಮೆ ಎನ್ನಿ.

ಎತ್ತರ ಬಿಡಿ, ತೂಕ ನೋಡಿ. ಆಕಾರ ಅದೇ ಇದ್ದು ಗಾತ್ರ ಮಾತ್ರ ಹಿಗ್ಗಿದರೆ ತೂಕ ಹಿಗ್ಗುವುದು ಎತ್ತರದ ಘನದ ಪ್ರಮಾಣದಲ್ಲಿ. 92ನ್ನು 84ರಿಂದ ಭಾಗಿಸಿ, ಬಂದುದನ್ನು ಮೂರು ಸಲ ಗುಣಿಸಿದರೆ 1.31. ಮೂವತ್ತೈದು ಕೆ.ಜಿ.ಯ ಹುಡುಗ ಎರಡೇ ವರ್ಷದಲ್ಲಿ ನಲವತ್ತಾರು ಕೆ.ಜಿ. ಇದರ ಮೇಲೆ ಪ್ರಾಯದ ಹಾರ್ಮೋನು ತಂದುಕೊಡುವ ಸ್ನಾಯುವಿನ ಬಲ ಬೇರೆ. ಓಡುವ ವಸ್ತುವಿನ ಸಂವೇಗವೆಂದರೆ ದ್ರವ್ಯರಾಶಿ ಗುಣಿಸು ವೇಗ ಎಂದು ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅದರ ಪ್ರಾತ್ಯಕ್ಷಿಕೆ ಕಬಡ್ಡಿ ಅಂಕಣದಲ್ಲಿ ನಡೆಯುತ್ತದೆ. ಹದಿನಾರು ತುಂಬಿದ ರೈಡರನ ಕಾಲನ್ನು ಹನ್ನೆರಡರ ಹುಡುಗ ತಬ್ಬಿ ಹಿಡಿದಾಗ ಆಗುವ ಗಾಯಕ್ಕೆ ವೈದ್ಯರು ಬೇಕು, ಭೌತವಿಜ್ಞಾನಿ ಬೇಡ.

ಜೂನ್ ಒಂದರ ಹುಟ್ಟುಹಬ್ಬ

ಇಷ್ಟು ಮುಖ್ಯವಾದ ವಯಸ್ಸು ನಮ್ಮಲ್ಲಿ ಹೇಗೆ ದಾಖಲಾಗುತ್ತಿತ್ತು ಎಂಬುದು ನಗೆಪಾಟಲಿನ ಕತೆ. ನನ್ನ ವಯಸ್ಸಿನ ಓದುಗರು ತಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೊಮ್ಮೆ ತೆಗೆದು ನೋಡಬೇಕು. ಹತ್ತು ಜನರಲ್ಲಿ ಇಬ್ಬರು ಮೂವರಾದರೂ ಜೂನ್ ಒಂದರಂದು ಹುಟ್ಟಿರುತ್ತೀರಿ! ಆ ದಿನ ನಾಡಿನಲ್ಲಿ ಅಷ್ಟು ಹೆರಿಗೆ ಆದುದಕ್ಕೆ ಕಾರಣ ಗ್ರಹಗತಿಯಲ್ಲ, ಶಾಲೆಯ ನಿಯಮ. ಒಂದನೇ ತರಗತಿಗೆ ಸೇರಲು ಐದು ವರ್ಷ ಹತ್ತು ತಿಂಗಳು ಆಗಿರಬೇಕೆಂಬ ಲೆಕ್ಕವಿತ್ತು. ‘ದೊಡ್ಡ ಮಳೆ ಬಂತಲ್ಲ ಸಾಮಿ, ಅದರ ಹಿಂದಿನ ವರ್ಷ ಹುಟ್ಟಿದ್ದು’ ಎಂದು ತಾಯಿ ಹೇಳಿದರೆ, ಮೇಷ್ಟರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡಿ, ನಿಯಮಕ್ಕೆ ಹೊಂದುವ ಒಂದು ತಾರೀಕು ಬರೆಯುತ್ತಿದ್ದರು. ಕಿವಿ ಮುಟ್ಟಿಸುವ ಆ ವಿಧಾನವನ್ನು ಮೂಢತನವೆಂದು ನಗಬೇಡಿ. ಮಗುವಿನ ತಲೆ ಬೇಗ ಬೆಳೆದು ನಿಲ್ಲುತ್ತದೆ, ಕೈಗಳು ಆಮೇಲೆ ಉದ್ದವಾಗುತ್ತವೆ. ಆರರ ಸುಮಾರಿಗೆ ಕೈ ಕಿವಿಗೆ ಎಟುಕುತ್ತದೆ. ದೇಹವನ್ನು ನೋಡಿ ವಯಸ್ಸು ಹೇಳುವ ಪರೀಕ್ಷೆ, ಎಕ್ಸ್-ರೇ ಇಲ್ಲದೆ.

ಆ ಕಾಲದ ಸುಳ್ಳಿನಲ್ಲಿ ಯಾರಿಗೂ ಮೋಸವಿರಲಿಲ್ಲ. ಇಂದಿನದು ಹಾಗಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿದೆ. ಹುಟ್ಟಿದ ಇಪ್ಪತ್ತೊಂದು ದಿನದೊಳಗೆ ತಿಳಿಸಬೇಕು. ಆದರೆ ವರ್ಷ ಕಳೆದ ಮೇಲೂ ಮ್ಯಾಜಿಸ್ಟ್ರೇಟರ ಆದೇಶ ಪಡೆದು ನೋಂದಾಯಿಸಬಹುದು. ನಿಜವಾಗಿ ಬಿಟ್ಟುಹೋದವರಿಗಾಗಿ ಇಟ್ಟ ಈ ಕಿಂಡಿಯಿಂದಲೇ ಎರಡು ವರ್ಷ ಕಿರಿದಾದ ಹೊಸ ಮಗುವೊಂದು ಹುಟ್ಟಿಬರುವುದೂ ಉಂಟು. ಇನ್ನು ತಮ್ಮನ ಪ್ರಮಾಣಪತ್ರದಲ್ಲಿ ಅಣ್ಣ ಆಡುವುದು, ಊರು ಬಿಟ್ಟು ಊರಿಗೆ ಹೋಗಿ ಹೊಸ ಶಾಲೆಯಲ್ಲಿ ಹೊಸ ತಾರೀಕಿನೊಂದಿಗೆ ಸೇರುವುದು, ಜೂನ್‌ನಲ್ಲಿ ಬಂದು ಕ್ರೀಡಾಕೂಟ ಮುಗಿದೊಡನೆ ಕಾಣೆಯಾಗುವ ‘ವಿದ್ಯಾರ್ಥಿ’ ಇವೆಲ್ಲ ದೈಹಿಕ ಶಿಕ್ಷಕರಿಗೆ ತಿಳಿದ ವಿಷಯಗಳೇ. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲೂ ಸೇರಿದಂತೆ ವಯಸ್ಸಿಗೆ ಜನನ ಪ್ರಮಾಣಪತ್ರವೊಂದೇ ಆಧಾರ. ಆ ಮಕ್ಕಳು ಹದಿನಾಲ್ಕರೊಳಗಿನ ತಂಡಕ್ಕೆ ಬರುವ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ.

ಇದು ನಮ್ಮ ದೇಶದ ರೋಗ ಮಾತ್ರ ಎಂದು ನಾಚಿಕೊಳ್ಳಬೇಕಿಲ್ಲ. ಅಮೆರಿಕದಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳ ಬೇಸ್‌ಬಾಲ್ ವಿಶ್ವ ಸರಣಿಯೊಂದಿದೆ, ಲಿಟಲ್ ಲೀಗ್ ಎಂದು. 2001ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಡ್ಯಾನಿ ಅಲ್ಮಾಂಟೆ ಎಂಬ ಹುಡುಗ ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಗೊಡದೆ ಒಂದು ಪಂದ್ಯ ಮುಗಿಸಿ ದೇಶದ ಕಣ್ಮಣಿಯಾದ. ಆಮೇಲೆ ಡೊಮಿನಿಕನ್ ಗಣರಾಜ್ಯದ ದಾಖಲೆಗಳನ್ನು ಕೆದಕಿದಾಗ ಅವನು ಹುಟ್ಟಿದ್ದು 1989ರಲ್ಲಿ ಅಲ್ಲ, 1987ರಲ್ಲಿ ಎಂದು ಗೊತ್ತಾಯಿತು. ತಂಡದ ಗೆಲುವುಗಳೆಲ್ಲ ರದ್ದಾದವು. ಅವನ ತಂದೆಗೂ ತಂಡ ಕಟ್ಟಿದವನಿಗೂ ಆಜೀವ ನಿಷೇಧ. ಮೆಕ್ಸಿಕೊ ದೇಶವಂತೂ ಇಪ್ಪತ್ತರೊಳಗಿನ ಫುಟ್‌ಬಾಲ್ ತಂಡದಲ್ಲಿ ವಯಸ್ಸು ಮೀರಿದವರನ್ನು ಆಡಿಸಿ ಸಿಕ್ಕಿಬಿದ್ದು, 1988ರಲ್ಲಿ ಎರಡು ವರ್ಷದ ನಿಷೇಧಕ್ಕೆ ಗುರಿಯಾಗಿ 1990ರ ವಿಶ್ವಕಪ್ಪನ್ನೇ ಕಳೆದುಕೊಂಡಿತು. ಜಿಮ್ನಾಸ್ಟಿಕ್ಸಿನಲ್ಲಿ ಮೋಸ ತಿರುವುಮುರುವು. ಅಲ್ಲಿ ಎಳೆಯ, ಹಗುರ ಮೈಗೆ ಲಾಭ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಚೀನಾ ತಂಡದ ದೊಂಗ್ ಫಾಂಗ್‌ಶಿಯಾವ್‌ಗೆ ಆಗ ಹದಿನಾರರ ಬದಲು ಹದಿನಾಲ್ಕು ಎಂದು ಖಚಿತವಾಗಿ, ಹತ್ತು ವರ್ಷದ ನಂತರ ಪದಕವನ್ನು ವಾಪಸು ಪಡೆದು ಅಮೆರಿಕಕ್ಕೆ ಕೊಟ್ಟರು.

ಮಣಿಕಟ್ಟಿನೊಳಗಿನ ಗಡಿಯಾರ

ಕಾಗದವನ್ನು ನಂಬಲಾಗದಿದ್ದರೆ ದೇಹವನ್ನೇ ಕೇಳೋಣ ಎಂಬುದು ವೈದ್ಯರ ಉಪಾಯ. ಕೇಳುವ ಜಾಗ ಎಡಗೈ ಮಣಿಕಟ್ಟು.

ಹುಟ್ಟಿದ ಮಗುವಿನ ಕೈಯನ್ನು ಎಕ್ಸ್-ರೇಯಲ್ಲಿ ನೋಡಿದರೆ ಮಣಿಕಟ್ಟಿನ ಜಾಗ ಖಾಲಿ. ಅಲ್ಲಿ ಎಂಟು ಪುಟ್ಟ ಎಲುಬುಗಳಿರಬೇಕು. ಆದರೆ ಅವೆಲ್ಲ ಇನ್ನೂ ಮೃದ್ವಸ್ಥಿ, ಎಕ್ಸ್ ಕಿರಣಕ್ಕೆ ಕಾಣುವುದಿಲ್ಲ. ಮೊದಲ ಕೆಲವೇ ತಿಂಗಳಲ್ಲಿ ಎರಡು ಚುಕ್ಕಿಗಳು ಮೂಡುತ್ತವೆ. ಆಮೇಲೆ ಒಂದೊಂದಾಗಿ ಉಳಿದವು. ಕಡಲೆಕಾಳಿನಷ್ಟಿರುವ ಕೊನೆಯದು ಕಾಣಿಸಿಕೊಳ್ಳುವಾಗ ಮಗು ಹೈಸ್ಕೂಲಿನ ಹೊಸ್ತಿಲ ಹತ್ತಿರ ಇರುತ್ತದೆ. ಬೆರಳುಗಳ ಮತ್ತು ಮುಂಗೈಯ ಉದ್ದ ಎಲುಬುಗಳ ತುದಿಯಲ್ಲಿ ಒಂದೊಂದು ಕಪ್ಪು ಗೆರೆ ಕಾಣುತ್ತದೆ. ಅದೇ ಬೆಳವಣಿಗೆಯ ಪಟ್ಟಿ. ಎಲುಬು ಉದ್ದವಾಗುವುದು ಅಲ್ಲಿಯೇ. ಪ್ರಾಯ ಬಂದು ಹೋಗುವಾಗ ಗೆರೆ ತೆಳುವಾಗುತ್ತಾ ಬಂದು ಒಂದು ದಿನ ಬೆಸೆದುಕೊಂಡು ಮಾಯವಾಗುತ್ತದೆ. ಮತ್ತೆ ಎತ್ತರವಿಲ್ಲ.

ಈ ಗೆರೆಯನ್ನು ಮುಚ್ಚಿಸುವ ಹಾರ್ಮೋನು ಯಾವುದೆಂದು ತರಗತಿಯಲ್ಲಿ ಕೇಳಿದರೆ ಹುಡುಗರ ಮಟ್ಟಿಗೆ ಎಲ್ಲರೂ ಹೇಳುವುದು ಟೆಸ್ಟೊಸ್ಟಿರಾನ್. ವೈದ್ಯರೂ ಬಹುಕಾಲ ಹಾಗೆಯೇ ಎಣಿಸಿದ್ದರು. 1994ರಲ್ಲಿ ಅಮೆರಿಕದ ವೈದ್ಯರು ಒಬ್ಬ ಇಪ್ಪತ್ತೆಂಟು ವರ್ಷದ ಗಂಡಸಿನ ವಿಚಾರ ಪ್ರಕಟಿಸಿದರು. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ! ಎಲುಬಿನ ವಯಸ್ಸು ಬರೀ ಹದಿನೈದು. ಅವನ ದೇಹದಲ್ಲಿ ಟೆಸ್ಟೊಸ್ಟಿರಾನಿಗೆ ಕೊರತೆ ಇರಲಿಲ್ಲ. ಈಸ್ಟ್ರೊಜೆನ್ ಎಂಬ, ನಾವು ಹೆಂಗಸರದೆಂದು ತಿಳಿದಿರುವ ಹಾರ್ಮೋನಿಗೆ ಅವನ ಜೀವಕೋಶಗಳು ಸ್ಪಂದಿಸುತ್ತಿರಲಿಲ್ಲ. ಗಂಡಿನಲ್ಲೂ ಎಲುಬಿನ ಬಾಗಿಲು ಹಾಕುವುದು ಅದೇ ಎಂದು ಹೀಗೆ ತಿಳಿಯಿತು. ಇದು ವಿಷಯಾಂತರವಾಯಿತು, ಆದರೆ ಬಿಡಲು ಮನಸ್ಸಾಗಲಿಲ್ಲ.

ಎಲುಬು ನೋಡಿ ವಯಸ್ಸು ಹೇಳುವುದಕ್ಕೆ ಇಂಗ್ಲೆಂಡಿನ ಟ್ಯಾನರ್ ಮತ್ತು ವೈಟ್‌ಹೌಸ್ ಒಂದು ಕ್ರಮವನ್ನು ರೂಪಿಸಿದರು. ಮುಂಗೈಯ ಎರಡು ಎಲುಬು, ಅಂಗೈ-ಬೆರಳುಗಳ ಹನ್ನೊಂದು, ಒಟ್ಟು ಹದಿಮೂರು ಎಲುಬುಗಳನ್ನು ಒಂದೊಂದಾಗಿ ಪರೀಕ್ಷಿಸಿ ಹಂತ ಗುರುತಿಸಿ, ಅಂಕ ಕೊಟ್ಟು ಕೂಡಿಸುವುದು. ಇದರ ಮೂರನೇ ಪರಿಷ್ಕರಣೆಗೆ ಟಿಡಬ್ಲ್ಯು-3 ಎಂದು ಹೆಸರು, 2001ರಲ್ಲಿ ಬಂತು. ಭಾರತೀಯ ಕ್ರಿಕೆಟ್ ಮಂಡಳಿ 2012ರಿಂದ ಹದಿನಾರರೊಳಗಿನ ಹುಡುಗರಿಗೆ ಇದನ್ನೇ ಬಳಸುತ್ತಿದೆ. ಫುಟ್‌ಬಾಲಿನ ಫೀಫಾ ಎಕ್ಸ್ ಕಿರಣದ ಗೊಡವೆ ಬೇಡವೆಂದು ಎಂಆರ್‌ಐ ಹಿಡಿಯಿತು. 2009ರಲ್ಲಿ ನೈಜೀರಿಯದಲ್ಲಿ ನಡೆದ ಹದಿನೇಳರೊಳಗಿನ ವಿಶ್ವಕಪ್ಪಿನಲ್ಲಿ ಮೊದಲ ಬಾರಿಗೆ ಈ ಪರೀಕ್ಷೆ ಜಾರಿಗೆ ಬಂದಾಗ, ಆತಿಥೇಯ ನೈಜೀರಿಯವೇ ತನ್ನ ಹಲವು ಹುಡುಗರನ್ನು ತಂಡದಿಂದ ಕೈಬಿಡಬೇಕಾಯಿತು.

ಹಾಗಾದರೆ ಎಲ್ಲರ ಕೈಗೂ ಎಕ್ಸ್-ರೇ ತೆಗೆದುಬಿಟ್ಟರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಎಲುಬು ಹೇಳುವುದು ಹುಟ್ಟಿದ ತಾರೀಕನ್ನಲ್ಲ, ಮಾಗಿದ ಹದವನ್ನು. ಒಂದೇ ಗಿಡದ ಮಾವಿನಕಾಯಿಗಳೆಲ್ಲ ಒಂದೇ ದಿನ ಹಣ್ಣಾಗುತ್ತವೆಯೇ? ಒಂದೇ ದಿನ ಹುಟ್ಟಿದ ಇಬ್ಬರು ಆರೋಗ್ಯವಂತ ಹುಡುಗರ ಎಲುಬಿನ ವಯಸ್ಸಿನಲ್ಲಿ ಒಂದೆರಡು ವರ್ಷ ಹೆಚ್ಚು ಕಡಿಮೆಯಾಗುವುದು ಸಹಜ. ನಮ್ಮ ಸುಪ್ರೀಂ ಕೋರ್ಟ್ 1982ರಲ್ಲಿ ಜಯಮಾಲಾ ಪ್ರಕರಣದಲ್ಲೇ ಎಕ್ಸ್-ರೇ ಹೇಳುವ ವಯಸ್ಸಿಗೆ ಎರಡೂ ಕಡೆ ಎರಡು ವರ್ಷದ ಅಂತರ ಬಿಡಬೇಕೆಂದು ಗುರುತಿಸಿತ್ತು. ಅತ್ತ ಎರಡು, ಇತ್ತ ಎರಡು, ಒಟ್ಟು ನಾಲ್ಕು ವರ್ಷ! ಕದ್ದ ವಯಸ್ಸು ಸಾಮಾನ್ಯವಾಗಿ ಅಷ್ಟರೊಳಗೇ ಇರುತ್ತದೆ.

ಇನ್ನೊಂದು ತೊಡಕು. ಟಿಡಬ್ಲ್ಯು-3 ಲೆಕ್ಕದಲ್ಲಿ ಹುಡುಗರ ಎಲುಬು ಪೂರ್ತಿ ಮಾಗುವುದು 16.5ಕ್ಕೆ, ಹುಡುಗಿಯರದು 15ಕ್ಕೆ. ಗಡಿಯಾರ ಅಲ್ಲಿಗೆ ನಿಂತುಹೋಗುತ್ತದೆ. ಹದಿನೇಳರವನದೂ ಇಪ್ಪತ್ತೆರಡರವನದೂ ಮಣಿಕಟ್ಟು ಒಂದೇ ಉತ್ತರ ಕೊಡುತ್ತವೆ. ಹಣ ಹೆಚ್ಚು ಓಡಾಡುವ ಹತ್ತೊಂಬತ್ತರೊಳಗಿನ ಕ್ರಿಕೆಟ್ಟಿಗೆ ಈ ಪರೀಕ್ಷೆ ನಿರುಪಯೋಗಿಯಾಗಿರುವುದು ಹೀಗೆ. ಅಲ್ಲಿ ಮತ್ತೆ ಕಾಗದವೇ ಗತಿ.

ಬೇಗ ಮಾಗಿದ ಪ್ರಾಮಾಣಿಕ ಹುಡುಗನ ಪಾಡನ್ನು ಯಾರೂ ಕೇಳುವುದಿಲ್ಲ. ಅವನ ತಾಯಿಗೆ ಹೆರಿಗೆಯ ದಿನ ನೆನಪಿದೆ, ಆಸ್ಪತ್ರೆಯ ಚೀಟಿ ಇದೆ. ಯಂತ್ರ ಮಾತ್ರ ಒಪ್ಪುತ್ತಿಲ್ಲ. ಕ್ರಿಕೆಟ್ ಮಂಡಳಿಯಲ್ಲಿ ಒಮ್ಮೆ ಎಕ್ಸ್-ರೇ ತೆಗೆದರೆ ಮುಂದಿನ ವರ್ಷ ಅದಕ್ಕೆ ಒಂದು ಕೂಡಿಸಿ ಲೆಕ್ಕ ಹಾಕುವ ಪದ್ಧತಿಯಿತ್ತು. 15.4 ಇದ್ದವನು 16.4 ಆಗಿ ಒಳಗೆ, 15.5 ಇದ್ದವನು 16.5 ಆಗಿ ಹೊರಗೆ. ಎಲುಬು ಪಂಚಾಂಗ ನೋಡಿ ಬೆಳೆಯುವುದಿಲ್ಲವಲ್ಲ! 2025ರಲ್ಲಿ ಮಂಡಳಿ ಅಂಥವರಿಗೆ ಮತ್ತೊಂದು ಪರೀಕ್ಷೆಗೆ ಅವಕಾಶ ಕೊಡಲು ತೀರ್ಮಾನಿಸಿದ್ದು ಸರಿಯಾಗಿದೆ. ಆರೋಪವೂ ಒಂದು ಆಯುಧವಾಗಬಲ್ಲದು ಎಂಬುದನ್ನು ಮರೆಯಬಾರದು. ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಆಟಗಾರರೊಬ್ಬರ ವಯಸ್ಸಿನ ಬಗ್ಗೆ ಬೆಂಗಳೂರಿನಲ್ಲಿ ದಾಖಲಾಗಿದ್ದ ಪ್ರಕರಣವನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು; ಅಷ್ಟರಲ್ಲಿ ಆ ಮನೆಯವರು ಪಟ್ಟ ಪಾಡನ್ನು ಯಾವ ಆದೇಶ ಹಿಂದಿರುಗಿಸೀತು?

ಸುಳ್ಳೇ ಇಲ್ಲದ ಅನ್ಯಾಯ

ಒಂದೂ ಸುಳ್ಳು ಕಾಗದವಿಲ್ಲದೆ ಇದೇ ಲಾಭ ಪಡೆಯುವ ದಾರಿ ಅಮೆರಿಕದ ಶ್ರೀಮಂತ ಬಡಾವಣೆಗಳಲ್ಲಿದೆ. ಅಲ್ಲಿನ ಲ್ಯಾಕ್ರೋಸ್ ಎಂಬ ಆಟದ ಹೆಸರು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಉತ್ತರ ಅಮೆರಿಕದ ಮೂಲನಿವಾಸಿಗಳದು. ತುದಿಗೆ ಬಲೆಚೀಲ ಕಟ್ಟಿದ ಕೋಲಿನಿಂದ ರಬ್ಬರ್ ಚೆಂಡನ್ನು ಹಿಡಿದು ಎಸೆದು ಗೋಲು ಹೊಡೆಯುವುದು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ಟನ್ನು ಸೇರಿಸಿತಲ್ಲ, ಅದೇ ನಿರ್ಣಯದಲ್ಲಿ ಲ್ಯಾಕ್ರೋಸ್ ಕೂಡ ಸೇರಿತು.

ಗಂಡು ಮಕ್ಕಳ ಲ್ಯಾಕ್ರೋಸಿನಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯಬಹುದು. ಅದಕ್ಕಾಗಿಯೇ ಅಲ್ಲಿನ ರಾಷ್ಟ್ರೀಯ ಸಂಸ್ಥೆ ಹುಟ್ಟಿದ ತಾರೀಕಿನ ಮೇಲೆ, ಸೆಪ್ಟೆಂಬರ್ 1ನ್ನು ಗಡಿಯಾಗಿಟ್ಟು, ಎಂಟು, ಹತ್ತು, ಹನ್ನೆರಡು, ಹದಿನಾಲ್ಕರೊಳಗೆ ಎಂದು ಗುಂಪು ಮಾಡಲು ಹೇಳುತ್ತದೆ. ಆದರೆ ಖಾಸಗಿ ಕ್ಲಬ್ಬುಗಳ ಟೂರ್ನಿಗಳಲ್ಲಿ ಬಹಳಷ್ಟು ಕಡೆ ಲೆಕ್ಕ ಬೇರೆ: ಹುಡುಗ ಯಾವ ವರ್ಷ ಹೈಸ್ಕೂಲು ಮುಗಿಸುತ್ತಾನೋ ಆ ವರ್ಷದ ಗುಂಪು. ಹಾಗಾಗಿ ಕೆಲವು ತಂದೆತಾಯಿ ಚೆನ್ನಾಗಿ ಓದುವ ಮಗನನ್ನೂ ಬೇಕೆಂದೇ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತಾರೆ. ನಮ್ಮಲ್ಲಿ ಮಗ ಫೇಲಾದನೆಂದು ಅಳುವ ಮನೆಗಳುಂಟು. ಅಲ್ಲಿ ದುಡ್ಡು ಕೊಟ್ಟು ಉಳಿಸುತ್ತಾರೆ. ಕಾಗದ ಸಾಚಾ, ಹುಡುಗ ಮಾತ್ರ ಜತೆಯವರಿಗಿಂತ ಒಂದು ವರ್ಷ ದೊಡ್ಡವನು. ಆಸೆ ಏನೆಂದರೆ ಕಾಲೇಜಿನ ತರಬೇತುದಾರರ ಕಣ್ಣಿಗೆ ಬೀಳುವುದು. ಎಂಟು-ಒಂಬತ್ತನೇ ತರಗತಿಯ ಮಕ್ಕಳಿಗೇ ಕಾಲೇಜುಗಳು ಬಾಯಿಮಾತಿನ ಭರವಸೆ ಕೊಡುತ್ತಿದ್ದ ಕಾಲವಿತ್ತು. 2017ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರವರೆಗೆ ಲ್ಯಾಕ್ರೋಸ್ ಹುಡುಗರನ್ನು ಮಾತಾಡಿಸಲೇ ಕೂಡದು ಎಂದು ನಿಯಮ ಮಾಡಿತು. ನನಗೆ ಇದು ಎಕ್ಸ್-ರೇಗಿಂತ ಜಾಣತನದ ಕ್ರಮವಾಗಿ ಕಾಣುತ್ತದೆ. ಕಳ್ಳನನ್ನು ಹುಡುಕುತ್ತಾ ಕೂರದೆ ಒಡವೆಯನ್ನೇ ಮೇಲಿನ ಅಟ್ಟಕ್ಕೆ ಏರಿಸಿದ ಹಾಗೆ.

ಯಾರೂ ಏನನ್ನೂ ಮಾಡದೆ ಆಗುವ ಅನ್ಯಾಯವೂ ಇದೆ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಪಟ್ಟಿ ಮಾಡಿದರು. ಉನ್ನತ ಕಿರಿಯರ ತಂಡಗಳಲ್ಲಿ ಸುಮಾರು ಹತ್ತಕ್ಕೆ ನಾಲ್ಕು ಮಂದಿ ಜನವರಿಯಿಂದ ಮಾರ್ಚ್ ಒಳಗೆ ಹುಟ್ಟಿದವರು. ವರ್ಷದ ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರು ಹತ್ತಕ್ಕೆ ಒಬ್ಬರು. ಅಲ್ಲಿ ವಯೋಗುಂಪಿನ ಗಡಿ ಜನವರಿ 1. ಜನವರಿ 2ರ ಮಗುವೂ ಡಿಸೆಂಬರ್ 30ರ ಮಗುವೂ ಕಾಗದದಲ್ಲಿ ಒಂದೇ ವಯಸ್ಸು. ಒಂಬತ್ತರ ಪ್ರಾಯದಲ್ಲಿ ಮೊದಲನೆಯದು ಚೂರು ಎತ್ತರ, ಚೂರು ಚುರುಕು. ತರಬೇತುದಾರರು ಅದನ್ನೇ ಪ್ರತಿಭೆ ಎಂದು ಆರಿಸುತ್ತಾರೆ. ಆರಿಸಿದವರಿಗೆ ಹೆಚ್ಚು ತರಬೇತಿ, ಹೆಚ್ಚು ಪಂದ್ಯ. ಹತ್ತು ವರ್ಷ ಕಳೆದಾಗ ಆ ಪ್ರತಿಭೆ ನಿಜವೇ ಆಗಿರುತ್ತದೆ.

ಇದಕ್ಕೆ ಪರಿಹಾರ ಹುಡುಕಿದವರೂ ಇದ್ದಾರೆ. ನ್ಯೂಜಿಲೆಂಡಿನಲ್ಲಿ ಮಕ್ಕಳ ರಗ್ಬಿಗೆ ತೂಕದ ಗುಂಪುಗಳಿವೆ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು 2015ರಿಂದೀಚೆಗೆ ಆಗಾಗ ತಾರೀಕು ಬದಿಗಿಟ್ಟು, ಪೂರ್ಣ ಎತ್ತರದ ಶೇಕಡಾ ಎಷ್ಟು ಬೆಳೆದಿದ್ದಾರೆ ಎಂಬ ಲೆಕ್ಕದಲ್ಲಿ ಹುಡುಗರನ್ನು ವಿಂಗಡಿಸಿ ಆಡಿಸಿ ನೋಡಿವೆ. ನಮ್ಮ ಎಂಟನೇ ತರಗತಿಯ ಕೋಷ್ಟಕವೇ! ನಮ್ಮ ಕಬಡ್ಡಿಯವರನ್ನೂ ಇಲ್ಲಿ ನೆನೆಯಬೇಕು. ಕಿರಿಯರ ವಿಭಾಗಗಳಲ್ಲಿ ವಯಸ್ಸಿನ ಜತೆಗೆ ತೂಕದ ಮಿತಿಯನ್ನೂ ಇಟ್ಟವರು ಅವರು. ತೂಕದ ಯಂತ್ರಕ್ಕೆ ಮುಖ್ಯೋಪಾಧ್ಯಾಯರ ಮೊಹರು ಬೇಕಿಲ್ಲ. ಆದರೆ ತೂಕ ಹಾಕುವ ದಿನ ಬೆಳಗ್ಗೆ ನೀರು ಸಹ ಕುಡಿಯದೆ ಬಂದು ನಿಲ್ಲುವ ಹುಡುಗರನ್ನು ನೋಡಿದ್ದೇನೆ. ಅದನ್ನು ಕಲಿಸಿಕೊಟ್ಟವರು ದೊಡ್ಡವರೇ.

ಯಾರಿಗೆ ಶಿಕ್ಷೆ?

2015ರ ಡಿಸೆಂಬರ್‌ನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ನಮ್ಮ ರಾಹುಲ್ ದ್ರಾವಿಡ್, ವಯಸ್ಸಿನ ಮೋಸವನ್ನು ಕ್ರಿಕೆಟ್ಟಿನ ಇತರ ಭ್ರಷ್ಟತೆಯ ಸಾಲಿನಲ್ಲೇ ಇಟ್ಟು ಮಾತಾಡಿದರು. ಆಗ ಅವರು ಹತ್ತೊಂಬತ್ತರೊಳಗಿನ ತಂಡದ ತರಬೇತುದಾರರು, ಕಂಡದ್ದನ್ನೇ ಹೇಳಿದ್ದು. ಅದಾಗಿ ಐದು ವರ್ಷಕ್ಕೆ, 2020ರಲ್ಲಿ, ಕ್ರಿಕೆಟ್ ಮಂಡಳಿ ಒಂದು ಗಡುವು ಕೊಟ್ಟಿತು. ಸೆಪ್ಟೆಂಬರ್ 15ರೊಳಗೆ ತಾನಾಗಿಯೇ ನಿಜವಾದ ತಾರೀಕು ತಿಳಿಸಿದವರಿಗೆ ಶಿಕ್ಷೆಯಿಲ್ಲ, ಆಮೇಲೆ ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ. ಕೇಂದ್ರ ಕ್ರೀಡಾ ಸಚಿವಾಲಯವೂ 2025ರ ಮಾರ್ಚ್‌ನಲ್ಲಿ ವಯೋವಂಚನೆಯ ವಿರುದ್ಧದ ಹಳೆಯ ಸಂಹಿತೆಗೆ ಹೊಸ ಕರಡು ಹೊರಡಿಸಿ ಆರು ತಿಂಗಳ ಮಾಫಿಯ ಪ್ರಸ್ತಾವ ಮಾಡಿತು. ಮೊದಲ ತಪ್ಪಿಗೆ ಎರಡು ವರ್ಷ, ಎರಡನೆಯದಕ್ಕೆ ಆಜೀವ ನಿಷೇಧ.

ಮಾಫಿ ಒಳ್ಳೆಯದೇ. ಆದರೆ ಹನ್ನೊಂದರ ಹುಡುಗ ತಾನಾಗಿ ತಹಸೀಲ್ದಾರ್ ಕಚೇರಿಗೆ ಹೋಗಿ ತಾರೀಕು ತಿದ್ದಿಸಿಕೊಂಡು ಬಂದಿರುವುದಿಲ್ಲ. ಅರ್ಜಿ ಬರೆದವರು, ಸಹಿ ಹಾಕಿದವರು, ಗೊತ್ತಿದ್ದೂ ತಂಡಕ್ಕೆ ಸೇರಿಸಿಕೊಂಡವರು ಎಲ್ಲರೂ ವಯಸ್ಕರು. ನಿಷೇಧ ಬೀಳುವ ಹೊತ್ತಿಗೆ ಹುಡುಗನಿಗೆ ಹದಿನೆಂಟಾಗಿರುತ್ತದೆ, ಬೇರೆ ಕಸುಬು ಗೊತ್ತಿರುವುದಿಲ್ಲ. ಲಿಟಲ್ ಲೀಗಿನವರು ಆಜೀವ ನಿಷೇಧವನ್ನು ತಂದೆಗೂ ಸಂಘಟಕನಿಗೂ ಹಾಕಿದ್ದು ಈ ವಿಚಾರದಲ್ಲಿ ನನಗೆ ಮೆಚ್ಚಿಗೆ.

ಜಾಗ ಕಳೆದುಕೊಂಡವನಂತೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಿಂದೆ ನಾನು ಪಾಠ ಮಾಡುತ್ತಿದ್ದ ಕಡೆ ಏಳನೇ ತರಗತಿಯ ಹುಡುಗನೊಬ್ಬ ಖೊಖೊ ಆಡುತ್ತಿದ್ದ. ಕಂಬದ ಹತ್ತಿರ ಅವನು ತಿರುಗುವುದನ್ನು ನೋಡಲು ಅಡುಗೆಯವರೂ ಸೌಟು ಹಿಡಿದು ಹೊರಗೆ ಬರುತ್ತಿದ್ದರು. ಆ ವರ್ಷ ಬೇರೆ ಊರಿನಿಂದ ಮೂವರು ಹೊಸ ‘ಏಳನೇ ತರಗತಿಯವರು’ ಬಂದರು. ತಂಡ ಜಿಲ್ಲೆಗೆ ಹೋಯಿತು, ಇವನು ಹನ್ನೆರಡರ ಪಟ್ಟಿಯಿಂದ ಹೊರಗುಳಿದ. ಮರುವರ್ಷ ಕರೆದರೆ ಬರಲಿಲ್ಲ. ಸಂಜೆ ಅಪ್ಪನ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಬೇಸರವೆಂದೇನೂ ಹೇಳಲಿಲ್ಲ, ‘ಆಗಲ್ಲ ಸಾರ್’ ಎಂದನಷ್ಟೆ.

ವಿಜ್ಞಾನದ ಮೇಷ್ಟರಾಗಿ ನನ್ನದೊಂದು ಸಣ್ಣ ಸಲಹೆ ಇದೆ. ಅದಕ್ಕೆ ಎಕ್ಸ್-ರೇಯೂ ಬೇಡ, ಹೊಸ ಕಾನೂನೂ ಬೇಡ. ಪ್ರತಿ ಮಗುವಿನ ಎತ್ತರವನ್ನು ಒಂದನೇ ತರಗತಿಯಿಂದಲೇ ವರ್ಷಕ್ಕೆರಡು ಬಾರಿ, ಜೂನ್‌ನಲ್ಲೊಮ್ಮೆ ಡಿಸೆಂಬರ್‌ನಲ್ಲೊಮ್ಮೆ, ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳೆದು ಬರೆದಿಡುವುದು. ಶಾಲೆ ಬದಲಾದರೆ ವರ್ಗಾವಣೆ ಪತ್ರದ ಜತೆ ಆ ಹಾಳೆಯೂ ಹೋಗುವುದು. ಹುಡುಗರು ಅತಿ ವೇಗವಾಗಿ ಬೆಳೆಯುವುದು ಹದಿನಾಲ್ಕರ ಸುಮಾರಿಗೆ, ಆಗ ವರ್ಷಕ್ಕೆ ಒಂಬತ್ತು ಸೆಂಟಿಮೀಟರಿನಷ್ಟು. ಹದಿಮೂರು ಎಂದು ಬರೆಸಿದ ಹುಡುಗ ಎರಡು ವರ್ಷದಿಂದ ಒಂದು ಸೆಂಟಿಮೀಟರೂ ಏರಿಲ್ಲ, ಆರೋಗ್ಯವೂ ಚೆನ್ನಾಗಿದೆ ಎಂದರೆ ವೈದ್ಯರ ಹತ್ತಿರ ಕಳಿಸಿ ಕೇಳಲು ಅಷ್ಟು ಕಾರಣ ಸಾಕು. ಅಪರಾಧಿ ಎನ್ನಲು ಸಾಲದು. ಒಂದು ತಾರೀಕನ್ನು ತಿದ್ದುವುದು ಸುಲಭ, ಎಂಟು ವರ್ಷದ ಹದಿನಾರು ಅಳತೆಗಳನ್ನು ಹೊಂದಿಸಿ ತಿದ್ದುವುದು ಕಷ್ಟ. ಬೇಗ ಮಾಗಿದ ಪ್ರಾಮಾಣಿಕ ಹುಡುಗನಿಗೂ ಅದೇ ಹಾಳೆ ಸಾಕ್ಷಿ ಹೇಳುತ್ತದೆ: ಹತ್ತನೇ ವಯಸ್ಸಿಗೇ ಅವನು ಏರತೊಡಗಿದ್ದು ಅಲ್ಲಿ ಕಾಣುತ್ತದೆ.

ನಮ್ಮ ಪ್ರಯೋಗಶಾಲೆಯ ಬಾಗಿಲಿನ ಪಕ್ಕದ ಗೋಡೆಗೆ ಅಳತೆಯ ಪಟ್ಟಿ ಬಳಿಸಿದ್ದೇವೆ. ಊಟದ ಬಿಡುವಿನಲ್ಲಿ ಹುಡುಗರು ಯಾರೂ ಹೇಳದೆಯೇ ಅಲ್ಲಿ ಬಂದು ನಿಲ್ಲುತ್ತಾರೆ. ಹಿಮ್ಮಡಿ ಎತ್ತಿದರೆ ಪಕ್ಕದವನು ಕಾಲು ತುಳಿದು ಇಳಿಸುತ್ತಾನೆ.